ಎನ್‌ಪಿಎಂ ಲಿಂಕೋ, ಎನ್‌ಪಿಎಂ ಪ್ಯಾಕೋ?

ಪಿಡಿಎಫ್ ತೋರಿಸುವ ರಿಯಾಕ್ಟ್ (ವೆಬ್ ಪುಟ ಕಟ್ಟಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ವ್ಯೂವರ್ ಕಾಂಪೊನೆಂಟನ್ನು ಪ್ಯಾಕೇಜ್ ರೂಪದಲ್ಲಿ ಸಿದ್ಧಪಡಿಸುವವರು ಅದನ್ನು ಪ್ರಕಟಿಸುವ ಮುನ್ನ ತಮ್ಮದೇ ಕಂಪ್ಯೂಟರಿನಲ್ಲಿ ಇನ್ನೊಂದು ಆ್ಯಪ್‌ಗೆ ಜೋಡಿಸಿ ಪರೀಕ್ಷಿಸಲು ಸಾಮಾನ್ಯವಾಗಿ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ನಿರ್ವಹಿಸುವ ಎನ್‌ಪಿಎಂ ಸಾಧನದ ಲಿಂಕ್, ಪ್ಯಾಕ್ ಎಂಬ ಎರಡು ಆದೇಶಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ.

ಎನ್‌ಪಿಎಂ ಲಿಂಕ್, ಆ್ಯಪ್‌ನ ನೋಡ್ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ನಿಮ್ಮ ಪ್ಯಾಕೇಜಿಗೆ ಒಂದು ಸಿಮ್‌ಲಿಂಕ್ (ಮೂಲ ಫೋಲ್ಡರಿಗೇ ಕರೆದೊಯ್ಯುವ ಕೊಂಡಿ) ಇಡುತ್ತದೆ. ಬಿಲ್ಡನ್ನು ವಾಚ್ ಮೋಡಿನಲ್ಲಿ (ಕಡತ ಬದಲಾದಾಗಲೆಲ್ಲ ತಾನಾಗಿಯೇ ಮತ್ತೆ ಬಿಲ್ಡ್ ಆಗುವಂತೆ) ಓಡಲು ಬಿಟ್ಟರೆ, ಝೂಮ್ ಗುಂಡಿಯ ಬಣ್ಣ ಬದಲಿಸಿದ್ದು ಕೆಲವೇ ಕ್ಷಣಗಳಲ್ಲಿ ಆ್ಯಪ್‌ನಲ್ಲಿ ಕಾಣುತ್ತದೆ. ಆದರೆ ಪ್ಯಾಕೇಜಿನ ಫೋಲ್ಡರಿನಲ್ಲೂ ರಿಯಾಕ್ಟ್ ಇನ್‌ಸ್ಟಾಲ್ ಆಗಿದ್ದರೆ, ಅದನ್ನು ಪಿಯರ್ ಡಿಪೆಂಡೆನ್ಸಿ (ಬಳಸುವ ಆ್ಯಪ್ ಒದಗಿಸಬೇಕಾದದ್ದು) ಎಂದು ನಮೂದಿಸಿದ್ದರೂ, ಎರಡು ಪ್ರತಿಗಳು ಲೋಡ್ ಆಗಿ 'ಇನ್‌ವ್ಯಾಲಿಡ್ ಹುಕ್ ಕಾಲ್' ಎಂಬ ದೋಷ ಎದುರಾಗಬಹುದು. ಇದು ತಿಳಿಯದೆ ನಾನು ಇಡೀ ಮಧ್ಯಾಹ್ನ ನನ್ನ ಕೋಡನ್ನೇ ಶಂಕಿಸಿದ್ದುಂಟು. ವೀಟ್ ಎಂಬ ಬಿಲ್ಡ್ ಸಾಧನ ಬಳಸುವವರು ಅದರ ಸೆಟ್ಟಿಂಗ್ಸ್ ಕಡತದ ರಿಸಾಲ್ವ್ ವಿಭಾಗದ ಡಿಡ್ಯೂಪ್ ಪಟ್ಟಿಗೆ ರಿಯಾಕ್ಟನ್ನು ಸೇರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಎನ್‌ಪಿಎಂ ಪ್ಯಾಕ್ ನಿಧಾನ. ಪ್ರತಿ ಬದಲಾವಣೆಗೂ ಬಿಲ್ಡ್ ಮಾಡಿ, ಟಿಜಿಝಡ್ ಕಡತ (ಪ್ಯಾಕೇಜಿನ ಸಂಕುಚಿತ ಕಟ್ಟು) ತಯಾರಿಸಿ, ಮತ್ತೆ ಇನ್‌ಸ್ಟಾಲ್ ಮಾಡಬೇಕು. ಆದರೂ ಪ್ರಕಟಣೆಯ ಹಿಂದಿನ ದಿನ ನಾನು ನಂಬುವುದು ಇದನ್ನೇ. ಪ್ಯಾಕೇಜ್ ಜೇಸನ್‌ನ ಫೈಲ್ಸ್ ಪಟ್ಟಿಯಲ್ಲಿ (ಪ್ಯಾಕೇಜಿಗೆ ಸೇರಬೇಕಾದ ಕಡತಗಳ ಪಟ್ಟಿ) ಸಿಎಸ್‌ಎಸ್ ಅಥವಾ ಹಿನ್ನೆಲೆಯಲ್ಲಿ ಓಡುವ ವರ್ಕರ್ ಕಡತ ಬಿಟ್ಟುಹೋಗಿದ್ದರೆ, ಇಡೀ ಫೋಲ್ಡರನ್ನೇ ಕಾಣುವ ಲಿಂಕ್‌ನಲ್ಲಿ ಆ ತಪ್ಪು ಅಡಗಿರುತ್ತದೆ, ಪ್ಯಾಕ್‌ನಲ್ಲಿ ಸಿಕ್ಕಿಬೀಳುತ್ತದೆ. ಒಳಗೆ ಏನೇನು ಸೇರಿದೆ ಎಂದಷ್ಟೇ ನೋಡಬೇಕಿದ್ದರೆ, ಪ್ಯಾಕ್ ಆದೇಶಕ್ಕೆ ಡ್ರೈ-ರನ್ ಆಯ್ಕೆಯನ್ನು ಸೇರಿಸಿದರೆ ಕಡತಗಳ ಪಟ್ಟಿ ತೆರೆಯ ಮೇಲೆ ಮೂಡುತ್ತದೆ.