ಸ್ತನವರ್ಧನೆಯ ನಂತರ: ಸರ್ಜಿಕಲ್ ಬ್ರಾ ಬೇಕೋ, ಸ್ಪೋರ್ಟ್ಸ್ ಬ್ರಾ ಸಾಕೋ?

ಸ್ತನದ ಗಾತ್ರ ಹೆಚ್ಚಿಸುವ ಶಸ್ತ್ರಚಿಕಿತ್ಸೆಯಾದ ಮೊದಲ ದಿನಗಳಲ್ಲಿ ತೋಳನ್ನು ಮೇಲೆತ್ತುವುದೇ ಯಾತನೆ. ಮುಂದೆ ಹುಕ್ ಅಥವಾ ಜಿಪ್ ಇರುವ ಸರ್ಜಿಕಲ್ ಬ್ರಾವನ್ನು ಅಂಗಿಯಂತೆ ತೊಡಬಹುದು. ತಲೆಯ ಮೂಲಕ ಎಳೆದುಕೊಳ್ಳುವ ಸ್ಪೋರ್ಟ್ಸ್ ಬ್ರಾ ಆಗ ಬೇಡವೇ ಬೇಡ. ಬಾವು ಇಳಿಯುತ್ತಾ ಹೋದಂತೆ ಅಳತೆಯೂ ಬದಲಾಗುತ್ತದೆ. ಪಟ್ಟಿಯನ್ನು ಸಡಿಲಿಸಿ ಬಿಗಿಗೊಳಿಸುವ ಅನುಕೂಲ ಸರ್ಜಿಕಲ್ ಬ್ರಾದಲ್ಲೇ ಹೆಚ್ಚು.

ಖರ್ಚಿನ ಲೆಕ್ಕ ಬೇರೆ. ಸಾಮಾನ್ಯವಾಗಿ 4ರಿಂದ 6 ವಾರ ಹಗಲಿರುಳೂ ತೊಡಲು ವೈದ್ಯರು ಹೇಳುವುದರಿಂದ, ಒಗೆದು ಬದಲಿಸಲು ಎರಡಾದರೂ ಬೇಕು. ಸರ್ಜಿಕಲ್ ಬ್ರಾ ಆಮೇಲೆ ಕಪಾಟು ಸೇರುತ್ತದೆ (ಅದರ ಅಂದವೂ ಅಷ್ಟಕ್ಕಷ್ಟೆ), ಸ್ಪೋರ್ಟ್ಸ್ ಬ್ರಾ ವ್ಯಾಯಾಮಕ್ಕೆ ಉಳಿಯುತ್ತದೆ. ಹಾಗಾಗಿ ಕೈ ಬಿಗಿಯಿದ್ದರೆ ಒಂದು ಸರ್ಜಿಕಲ್, ಇನ್ನೊಂದು ಮುಂದೆ ಜಿಪ್ ಇರುವ ಮೃದುವಾದ ಸ್ಪೋರ್ಟ್ಸ್ ಬ್ರಾ ಕೊಳ್ಳಿ ಎನ್ನುತ್ತೇನೆ, ಅದಕ್ಕೆ ನಿಮ್ಮ ವೈದ್ಯರ ಒಪ್ಪಿಗೆ ಇದ್ದರೆ.

ತಂತಿ ಇರುವುದು ಸದ್ಯಕ್ಕೆ ಯಾವುದೂ ಬೇಡ. ಸ್ತನದ ಕೆಳಗಿನ ಗಾಯದ ಗೆರೆಯನ್ನು ಅದು ಒತ್ತುತ್ತದೆ. ಎದೆಯ ಮೇಲ್ಭಾಗಕ್ಕೆ ಕಟ್ಟುವ ಪಟ್ಟಿಯು ಮೇಲೆಯೇ ಕುಳಿತ ಇಂಪ್ಲಾಂಟನ್ನು (ಸ್ತನದೊಳಗೆ ಇರಿಸಿದ ಕೃತಕ ಚೀಲವನ್ನು) ಕೆಳಗಿಳಿಸಲು ಮಾತ್ರ. ವೈದ್ಯರು ಹೇಳದೆ ಕಟ್ಟಬೇಡಿ. ಒಂದೇ ಬದಿ ದಿಢೀರನೆ ಊದಿದರೆ ಬ್ರಾ ಬಿಗಿಗೊಳಿಸುತ್ತಾ ಕೂರದೆ ತಕ್ಷಣ ಅವರಿಗೆ ಕರೆ ಮಾಡಿ.