3018 ಯಂತ್ರಕ್ಕೆ ಲೇಸರ್: ವಿ-ಬಿಟ್, ಐದು ವ್ಯಾಟ್, ಹತ್ತು ವ್ಯಾಟ್

ಮನೆಯ ಹೆಸರಿನ ಫಲಕ ಕೆತ್ತುವವರಿಗೆ ‘ಲಕ್ಷ್ಮೀ ನಿಲಯ’ಕ್ಕಿಂತ ಕಠಿಣವಾದ ಪರೀಕ್ಷೆ ಇಲ್ಲ. ಕಕಾರಕ್ಕೆ ಷಕಾರದ ಒತ್ತು, ಅದರ ಬೆನ್ನಿಗೇ ಮಕಾರದ ಒತ್ತು. ಅಕ್ಷರದ ಎತ್ತರ ಹತ್ತು ಮಿಲಿಮೀಟರ್ ಇದ್ದರೆ ಕೊನೆಯ ಒತ್ತು ಎರಡು ಮೂರು ಮಿಲಿಮೀಟರಿಗೆ ಇಳಿಯುತ್ತದೆ. ಬೆಳಗಾವಿಯ ನನ್ನ ಮನೆಯಲ್ಲಿರುವ 3018 ಎಂಬ, ಕಂಪ್ಯೂಟರ್ ಆದೇಶದಂತೆ ಕೆತ್ತುವ ಪುಟ್ಟ ಮಿಲ್ಲಿಂಗ್ ಯಂತ್ರದಲ್ಲಿ ಈ ಹೆಸರನ್ನು ವಿ ಆಕಾರದ ಮೊನೆಯ ಉಳಿಯಾದ ವಿ-ಬಿಟ್‌ನಿಂದಲೂ ಕೆತ್ತಿದ್ದೇನೆ, ಬಿಟ್ ತಿರುಗಿಸುವ ಮೋಟಾರನ್ನು (ಸ್ಪಿಂಡಲ್) ಬಿಚ್ಚಿ ಆ ಜಾಗದಲ್ಲಿ ಐದು ವ್ಯಾಟ್‌ನ ಲೇಸರ್ ಡಯೋಡ್ ಕೂರಿಸಿಯೂ ಕೆತ್ತಿದ್ದೇನೆ. ಗೆಳೆಯರೊಬ್ಬರ ಹತ್ತು ವ್ಯಾಟ್‌ನ ಡಯೋಡನ್ನು ತಂದು ಅದೇ ಹಲಗೆಯ ಮೇಲೆ ಪರೀಕ್ಷಿಸಿದ್ದೇನೆ.

ವಿ-ಬಿಟ್‌ನಲ್ಲಿ ಗೆರೆಯ ಅಗಲವನ್ನು ಆಳವೇ ನಿರ್ಧರಿಸುತ್ತದೆ. ಮೊನೆ 0.1 ಮಿಲಿಮೀಟರ್ ಇರುವ 30 ಡಿಗ್ರಿಯ ಬಿಟ್ ಅರ್ಧ ಮಿಲಿಮೀಟರ್ ಒಳಗಿಳಿದರೆ ಗೆರೆ ಸುಮಾರು 0.37 ಮಿಲಿಮೀಟರ್ ಅಗಲವಾಗುತ್ತದೆ. ಹಲಗೆ ಒಂದು ಮೂಲೆಯಲ್ಲಿ 0.3 ಮಿಲಿಮೀಟರ್ ಉಬ್ಬಿದ್ದರೆ ಅಲ್ಲಿ ಅಗಲ ಇನ್ನೂ 0.16ರಷ್ಟು ಹೆಚ್ಚುತ್ತದೆ, 60 ಡಿಗ್ರಿಯ ಬಿಟ್ ಆದರೆ 0.35ರಷ್ಟು. ನಮ್ಮ ಊರಿನ ಮಳೆಗಾಲದಲ್ಲಿ ಪ್ಲೈವುಡ್ ಸಪಾಟಾಗಿ ಉಳಿಯುವುದು ಅಪರೂಪ. ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುವುದು ಇಲ್ಲಿಯೇ. ಲೇಸರ್ ಇಷ್ಟು ಏರುಪೇರನ್ನು ಲೆಕ್ಕಿಸುವುದಿಲ್ಲ. ಫೋಕಸ್ ಸರಿಯಾಗಿದ್ದರೆ ಗೆರೆ ಸಣ್ಣದಾಗಿಯೇ ಇರುತ್ತದೆ. ಮಕಾರದ ಒತ್ತು ಓದುವಂತೆ ಮೂಡುತ್ತದೆ. ಸಣ್ಣ ಕನ್ನಡ ಅಕ್ಷರಕ್ಕೆ ಲೇಸರೇ ಬೇಕು ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಆದರೆ ಹೊಸ್ತಿಲ ಹೊರಗೆ ತೂಗುವ ಫಲಕಕ್ಕೆ ಈಗಲೂ ವಿ-ಬಿಟ್ ಹಾಕುತ್ತೇನೆ. ಸಾಗವಾನಿ ಮೊದಲೇ ಕಂದು. ಅದರ ಮೇಲೆ ಸುಟ್ಟ ಗೆರೆ ಎದ್ದು ಕಾಣುವುದಿಲ್ಲ, ಬಿಸಿಲಿಗೆ ಇನ್ನೂ ಮಂಕಾಗುತ್ತದೆ. ಆಳವಾಗಿ ಕೆತ್ತಿ ಬಣ್ಣ ತುಂಬಿದ ಅಕ್ಷರಕ್ಕೆ ಆ ಭಯವಿಲ್ಲ. ಹಿತ್ತಾಳೆಯಲ್ಲಂತೂ ಪೈಪೋಟಿಯೇ ಇಲ್ಲ: ಹೊಳೆಯುವ ಹಿತ್ತಾಳೆ ಈ ಡಯೋಡಿನ ನೀಲಿ ಬೆಳಕಿನ ಸಾಕಷ್ಟು ಭಾಗವನ್ನು ಪ್ರತಿಫಲಿಸುತ್ತದೆ, ಉಳಿದ ಶಾಖವನ್ನು ಕ್ಷಣದಲ್ಲಿ ಹರಡಿಬಿಡುತ್ತದೆ. ಪಾರದರ್ಶಕ ಅಕ್ರಿಲಿಕ್ ಕೂಡ ಹಾಗೆಯೇ, ಬೆಳಕು ಅದರೊಳಗಿಂದ ಹಾದುಹೋಗುತ್ತದೆ. ಪಿವಿಸಿಯನ್ನು ಮಾತ್ರ ಎಂದಿಗೂ ಲೇಸರಿನ ಕೆಳಗೆ ಇಡಬೇಡಿ, ಅದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತದೆ.

ಇನ್ನು ಐದು ಮತ್ತು ಹತ್ತರ ಮಾತು. ಮೊದಲು ಪೆಟ್ಟಿಗೆಯ ಮೇಲಿನ ಅಂಕಿಯನ್ನು ಬದಿಗಿಡಿ. 20 ವ್ಯಾಟ್, 40 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಇರುವುದು ಎಷ್ಟೋ ಸಲ ಡಯೋಡ್ ಎಳೆಯುವ ವಿದ್ಯುತ್ತಿನ ಲೆಕ್ಕ. ಹೊರಬರುವ ಬೆಳಕಿನ ಶಕ್ತಿ ಅದಕ್ಕಿಂತ ಬಹಳ ಕಡಿಮೆ. ನಾನು ಇಲ್ಲಿ ಹೇಳುತ್ತಿರುವುದು ಬೆಳಕಿನ ವ್ಯಾಟ್. ಹತ್ತು ವ್ಯಾಟ್‌ನ ಮಾಡ್ಯೂಲಿನಲ್ಲಿ ಸಾಮಾನ್ಯವಾಗಿ ಎರಡು ಡಯೋಡುಗಳ ಕಿರಣಗಳನ್ನು ಒಂದುಗೂಡಿಸಿರುತ್ತಾರೆ. ಮೂರು ಮಿಲಿಮೀಟರ್ ಪ್ಲೈವುಡ್ ಕತ್ತರಿಸುವುದಿದ್ದರೆ ಅದರ ಬಲ ಗೊತ್ತಾಗುತ್ತದೆ, ಕಡಿಮೆ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಕೆತ್ತನೆಯಲ್ಲಿ ಹಾಗಲ್ಲ. 3018ರ ಲೀಡ್ ಸ್ಕ್ರೂ (ಭಾಗಗಳನ್ನು ಸರಿಸುವ ಉದ್ದನೆಯ ತಿರುಪು) ನಿಮಿಷಕ್ಕೆ 1000 ಮಿಲಿಮೀಟರಿನ ಆಸುಪಾಸಿನಲ್ಲಿ ನೆಮ್ಮದಿಯಾಗಿ ಓಡುತ್ತದೆ. ಆ ವೇಗಕ್ಕೆ ಐದು ವ್ಯಾಟೇ ಹೆಚ್ಚು, ಪ್ಲೈವುಡ್ ಕಪ್ಪಾಗದಂತೆ ಅದನ್ನೂ ತಗ್ಗಿಸಬೇಕಾಗುತ್ತದೆ. ಹತ್ತನ್ನು ಕೊಂಡು ಇನ್ನಷ್ಟು ತಗ್ಗಿಸಿ ಓಡಿಸಿದರೆ ಏನು ಬಂತು? ಶಾಖ ಹೀರುವ ದೊಡ್ಡ ಹೀಟ್‌ಸಿಂಕಿನ ಭಾರ ಮಾತ್ರ ಹೆಚ್ಚಾಯಿತು.

ಫೋಟೋ ಕೆತ್ತುವಾಗ ಯಂತ್ರದ ಈ ಮಿತಿ ಇನ್ನೂ ಸ್ಪಷ್ಟವಾಗುತ್ತದೆ. ನೂರು ಮಿಲಿಮೀಟರ್ ಚೌಕಕ್ಕೆ 0.1 ಅಂತರದಲ್ಲಿ ಸಾವಿರ ಗೆರೆಗಳು, ಒಟ್ಟು ನೂರು ಮೀಟರ್ ಓಟ. ನಿಮಿಷಕ್ಕೆ ಒಂದು ಮೀಟರಿನಂತೆ ನೂರು ನಿಮಿಷ. ತುದಿಯಲ್ಲಿ ತಿರುಗುವ ಹೊತ್ತು ಬೇರೆ. ಉದ್ಯಮಬಾಗದ ಪರಿಚಿತರೊಬ್ಬರ ವರ್ಕ್‌ಶಾಪಿನಲ್ಲಿ ಬೆಲ್ಟ್‌ನಿಂದ ಓಡುವ ಲೇಸರ್ ಯಂತ್ರವಿದೆ. ಅದು ನಿಮಿಷಕ್ಕೆ 6000 ಮಿಲಿಮೀಟರ್ ಓಡಿ ಅದೇ ಚೌಕವನ್ನು ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಸುತ್ತದೆ. ಫೋಟೋಗಳೇ ನಿಮ್ಮ ಕೆಲಸವಾದರೆ ಮಿಲ್ಲಿಂಗ್ ಯಂತ್ರಕ್ಕೆ ಲೇಸರ್ ಜೋಡಿಸಲು ಹೋಗಬೇಡಿ, ಆ ಹಣವನ್ನು ಅಂಥ ಯಂತ್ರಕ್ಕೆ ಕೂಡಿಡಿ.

ಜೋಡಿಸುವವರು ಎರಡು ವಿಷಯ ನೋಡಿಕೊಳ್ಳಬೇಕು. ಸ್ಪಿಂಡಲ್ ಮೋಟಾರಿಗೆ ಹೋಗುವ 24 ವೋಲ್ಟ್ ತಂತಿಯನ್ನು ಲೇಸರಿನ ಸಿಗ್ನಲ್ ಪಿನ್ನಿಗೆ ಕೊಡಬಾರದು. ಅದಕ್ಕೆ ಬೇಕಿರುವುದು 5 ವೋಲ್ಟ್‌ನ ಪಿಡಬ್ಲ್ಯುಎಂ, ಅಂದರೆ ಶಕ್ತಿಯನ್ನು ಏರಿಳಿಸುವ ಸಿಗ್ನಲ್. ಜಿಆರ್‌ಬಿಎಲ್ 1.1ರಲ್ಲಿ (ಯಂತ್ರವನ್ನು ನಡೆಸುವ ತಂತ್ರಾಂಶ) 32ನೇ ಸೆಟ್ಟಿಂಗನ್ನು 1 ಮಾಡಿದರೆ ಲೇಸರ್ ಮೋಡ್ ಬರುತ್ತದೆ. ಆಗ ಲೇಸರ್ ಹೊತ್ತಿಸಲು ಎಂ3ರ ಬದಲು ಎಂ4 ಆದೇಶ ಬಳಸಿ: ಯಂತ್ರ ನಿಧಾನವಾದಾಗ ಲೇಸರಿನ ಶಕ್ತಿಯೂ ತಗ್ಗುತ್ತದೆ, ಅಕ್ಷರದ ಮೂಲೆಗಳಲ್ಲಿ ಸುಟ್ಟ ಚುಕ್ಕೆ ಬೀಳುವುದಿಲ್ಲ. ಸ್ಪಿಂಡಲ್ ಮತ್ತೆ ಹಾಕುವಾಗ ಆ ಸೆಟ್ಟಿಂಗನ್ನು 0ಗೆ ತರಬೇಕು.

ಡಯೋಡನ್ನು ಸ್ಪಿಂಡಲ್ ಪಕ್ಕದಲ್ಲೇ ಕಾಯಂ ಆಗಿ ಕೂರಿಸುವ ಕ್ಲಾಂಪ್‌ಗಳೂ ಸಿಗುತ್ತವೆ. ಬಿಚ್ಚಿ ಹಾಕುವ ಶ್ರಮ ಉಳಿಯುತ್ತದೆ ನಿಜ, ಆದರೆ 300ಕ್ಕೆ 180 ಮಿಲಿಮೀಟರಿನ ಚಿಕ್ಕ ಜಾಗದಲ್ಲಿ ಒಂದು ಬದಿ ಕೈತಪ್ಪುತ್ತದೆ. ಜೊತೆಗೆ ಬಿಟ್ ಹಾರಿಸುವ ಮರದ ಪುಡಿ ನೇರವಾಗಿ ಲೆನ್ಸ್ ಮೇಲೆ ಕೂರುತ್ತದೆ. ಅದಕ್ಕಾಗಿ ನಾನು ಅದಲು ಬದಲು ಮಾಡುವ ಕ್ರಮವನ್ನೇ ಇಟ್ಟುಕೊಂಡಿದ್ದೇನೆ. ಪ್ರತಿ ಸಲವೂ ಮೇಜಿನ ಪುಡಿಯನ್ನೆಲ್ಲ ಗುಡಿಸಿ, ಕಿಟಕಿ ತೆರೆದು, ಈ ನೀಲಿ ಬೆಳಕಿನ ತರಂಗಾಂತರವಾದ 450 ನ್ಯಾನೋಮೀಟರಿಗೆ ಎಂದು ಬರೆದಿರುವ ಕನ್ನಡಕವನ್ನು ಧರಿಸಿಯೇ ಸ್ವಿಚ್ ಒತ್ತುತ್ತೇನೆ. ಕೆತ್ತನೆ ಮುಗಿಯುವವರೆಗೆ ಕೋಣೆಯೊಳಗೆ ಕನ್ನಡಕವಿಲ್ಲದೆ ಯಾರನ್ನೂ ಬಿಡುವುದಿಲ್ಲ.