ಸಿಯಾಟಲ್‌ನ ಸಕುರಾ-ಕಾನ್: ಆರ್ಟಿಸ್ಟ್ ಆಲಿಗಾಗಿಯೇ ಹೋಗಿ

ಬೆಲ್‌ವ್ಯೂ, ರೆಡ್ಮಂಡ್ ಕಡೆ ಇರುವ ಕನ್ನಡದವರಿಗೆ, ಅದರಲ್ಲೂ ಅನಿಮೆ (ಜಪಾನಿನ ಕಾರ್ಟೂನ್) ಹುಚ್ಚಿನ ಮಕ್ಕಳಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸಕುರಾ-ಕಾನ್ ಅಂದರೆ ಅನಿಮೆ ಅಭಿಮಾನಿಗಳ ಸಮ್ಮೇಳನ, ಶುರುವಾದದ್ದು 1998ರಲ್ಲಿ. ಸಾಮಾನ್ಯವಾಗಿ ಈಸ್ಟರ್ ವಾರಾಂತ್ಯದಲ್ಲಿ, ಸಿಯಾಟಲ್ ಕನ್ವೆನ್ಷನ್ ಸೆಂಟರ್‌ನಲ್ಲಿ ನಡೆಯುತ್ತದೆ. ಇಷ್ಟು ದೊಡ್ಡ ಜಾತ್ರೆಯನ್ನು ನಡೆಸುವವರು ಸ್ವಯಂಸೇವಕರು. ಅದಕ್ಕೇ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ.

ತುಂಬಾ ಹಿಡಿಸಿದ್ದು ಆರ್ಟಿಸ್ಟ್ ಆಲಿ, ಅಂದರೆ ಕಲಾವಿದರು ತಮ್ಮ ಚಿತ್ರಗಳನ್ನು ತಾವೇ ಮಾರುವ ಜಾಗ. ಚಿತ್ರ ಬರೆದವರೇ ಮೇಜಿನ ಹಿಂದೆ ಕೂತಿರುತ್ತಾರೆ. ಕೂದಲಿಗೆ ನೆರಳು ಹೇಗೆ ಹಾಕ್ತೀರಿ ಅಂತ ನನ್ನ ಮಗಳು ಒಬ್ಬರನ್ನು ಕೇಳಿದಳು. ಅವರು ವ್ಯಾಪಾರ ಪಕ್ಕಕ್ಕಿಟ್ಟು, ಸ್ಕೆಚ್ ಬುಕ್ ತೆಗೆದು, ಗೆರೆ ಎಳೆದು ತೋರಿಸಿದರು. ಬೆಳಕು ಎಲ್ಲಿಂದ ಬರುತ್ತೆ ಅಂತ ಮೊದಲು ಗುರುತು ಹಾಕ್ಕೋ ಅಂದರು. ಮಗಳು ಈಗಲೂ ಹಾಗೇ ಮಾಡುತ್ತಾಳೆ. ಇಂಥದ್ದು ಯಾವ ಅಂಗಡಿಯಲ್ಲಿ ಸಿಗುತ್ತೆ ಹೇಳಿ?

ಮಾರಾಟದ ದೊಡ್ಡ ಹಾಲ್ ಬೇರೆ ಇದೆ. ಅಲ್ಲಿ ಒಂದು ಮಳಿಗೆಯಲ್ಲಿ ಕೊಂಡ ಬೊಂಬೆಯ ಕೈ ಮನೆ ತಲುಪುವಷ್ಟರಲ್ಲಿ ಕಿತ್ತು ಬಂತು. ದುಡ್ಡು ಕೊಡುವ ಮೊದಲು ಡಬ್ಬಿ ತೆಗೆಸಿ ನೋಡಿ.

ಕಾಸ್‌ಪ್ಲೇಗೆ (ಅನಿಮೆ ಪಾತ್ರಗಳ ವೇಷ ಹಾಕುವುದಕ್ಕೆ) ಕತ್ತಿ, ಬಿಲ್ಲು ಒಯ್ಯುವುದಾದರೆ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಫೋಟೋಗೆ ಪಕ್ಕದ ಫ್ರೀವೇ ಪಾರ್ಕ್ ಬಹಳ ಚೆನ್ನ. ಹೆದ್ದಾರಿಯ ಮೇಲೇ ಕಟ್ಟಿದ ತೋಟ ಅದು, ಕಾಂಕ್ರೀಟ್ ಗೋಡೆಗಳ ಮುಂದೆ ಬಣ್ಣದ ಉಡುಪು ಎದ್ದು ಕಾಣುತ್ತದೆ. ಏಪ್ರಿಲ್ ಮಳೆ ಗೊತ್ತಲ್ವಾ, ಕೊಡೆ ಇರಲಿ. ಕಾರು ಬೇಡ, ಲೈಟ್ ರೈಲಿನಲ್ಲಿ ವೆಸ್ಟ್‌ಲೇಕ್‌ನಲ್ಲಿ ಇಳಿದು ನಡೆದುಬಿಡಿ.